ಟಿಕೆಟ್ ಇಲ್ಲದ ಮೇಳ: ಮುದಗಲ್ ಸೀಮೆಯ ರಿವಾಯತ್ ಪದಗಳು

ಮೊಹರಂ ದಿನಗಳಲ್ಲಿ ಪಾಮನಕಲ್ಲೂರಿನಿಂದ ಮಸ್ಕಿ ದಾಟಿ ಮುದಗಲ್ ಕಡೆ ಹೊರಟರೆ ದಾರಿಯುದ್ದಕ್ಕೂ ಹಲಗೆ ಸದ್ದು. ಈ ಸೀಮೆಯವರಿಗೆ ಇದು ಅಲಾಯಿ ಹಬ್ಬ. ಮುಸ್ಲಿಮರ ಮನೆ ಒಂದೂ ಇಲ್ಲದ ಹಳ್ಳಿಗಳಲ್ಲೂ ಪೀರಲ ದೇವರು ಕೂರುತ್ತವೆ, ಬೆಂಕಿ ಹಾಕುವ ಅಲಾಯಿ ಕುಣಿ ತೋಡುತ್ತಾರೆ, ಹರಕೆ ಹೊತ್ತವರು ಫಕೀರರಾಗುತ್ತಾರೆ. ಹಬ್ಬದ ಸೌಹಾರ್ದದ ಬಗ್ಗೆ ಪತ್ರಿಕೆಗಳು ಪ್ರತಿವರ್ಷ ಬರೆಯುತ್ತವೆ. ಅಲ್ಲಿನ ಹಾಡಿಗೆ, ಕುಣಿತಕ್ಕೆ, ಬಡಿತಕ್ಕೆ ಆ ಬರಹಗಳಲ್ಲಿ ಸಿಗುವುದು ಒಂದೆರಡು ಸಾಲು ಮಾತ್ರ. ನನಗೆ ಹೇಳಬೇಕೆನಿಸಿದ್ದು ಅದನ್ನೇ.

ರಿವಾಯತ್ ಪದ ಎಂದರೆ ಕರ್ಬಲಾದ ಕಥೆ ಹೇಳುವ ಕನ್ನಡ ಹಾಡು. ಕ್ರಿ.ಶ. 680ರಲ್ಲಿ ಯೂಫ್ರೆಟಿಸ್ ನದಿಯ ಹತ್ತಿರವೇ ಪ್ರವಾದಿಯವರ ಮೊಮ್ಮಗ ಹುಸೇನರ ಪರಿವಾರಕ್ಕೆ ನೀರು ಸಿಗದಂತೆ ಮಾಡಿ, ಕೊನೆಗೆ ಕೊಂದರು. ಮಕ್ಕಳ ಬಾಯಾರಿಕೆ, ಯುದ್ಧದ ಮುಂಚೆ ನಡೆದ ಖಾಸಿಮನ ಮದುವೆ, ಹೆಂಗಸರ ಗೋಳು ಇವೆಲ್ಲ ಪದಗಳಾಗಿವೆ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ಎರೆನೆಲದಲ್ಲಿ ಆ ಕಥೆ ಇಷ್ಟು ಆಳಕ್ಕೆ ಇಳಿದದ್ದು ನನಗೆ ಅಚ್ಚರಿಯೆನಿಸುವುದಿಲ್ಲ. ಎಡಬಲಕ್ಕೆ ಎರಡು ಹೊಳೆ ಹರಿದರೂ ಹೊಲಕ್ಕೆ ನೀರಿಲ್ಲ ಎಂಬುದು ಇಲ್ಲಿ ಮನೆಮನೆಯ ಮಾತು. 5ಎ ಕಾಲುವೆ ಬೇಕೆಂದು ರೈತರು 2020ರಲ್ಲಿ ಧರಣಿ ಕೂತದ್ದು ಇದೇ ಪಾಮನಕಲ್ಲೂರಿನಲ್ಲಿ. ಹೊಳೆದಂಡೆಯಲ್ಲಿ ನೀರಡಿಸಿದವರ ಹಾಡನ್ನು ಇಂಥ ಜನ ದೂರದೇಶದ ಸುದ್ದಿಯಂತೆ ಹಾಡುವುದುಂಟೇ?

ಮೇಳ ಶುರುವಾಗುವ ಮುಂಚಿನ ಹೊತ್ತನ್ನು ನೋಡಬೇಕು. ಹಲಗೆಯವರು ಒಂದಿಷ್ಟು ಹುಲ್ಲೋ ಸೊಪ್ಪೆಯೋ ಒಟ್ಟಿ ಬೆಂಕಿ ಹಚ್ಚುತ್ತಾರೆ. ಚರ್ಮದ ಮುಖವನ್ನು ಉರಿಗೆ ತೋರಿಸಿ ತಿರುಗಿಸುತ್ತ, ನಡುನಡುವೆ ಬೆರಳಿಂದ ತಟ್ಟಿ ಕಿವಿಗೊಡುತ್ತಾರೆ. ಸಡಿಲಾಗಿ ‘ದಬ್’ ಎನ್ನುತ್ತಿದ್ದ ಚರ್ಮ ಬಿಗಿಯುತ್ತ ಬಿಗಿಯುತ್ತ ‘ಟಣ್’ ಎನ್ನುವಾಗ ಉರಿಯಿಂದ ತೆಗೆಯುತ್ತಾರೆ. ಒಂದು ಗಳಿಗೆ ಹೆಚ್ಚಾದರೆ ಚರ್ಮ ಸೀಳುತ್ತದೆ. ಆಮೇಲೆ ಒಂದು ಕೈಗೆ ಗಿಡ್ಡ ಕೋಲು, ಇನ್ನೊಂದಕ್ಕೆ ತೆಳ್ಳನೆಯ ಉದ್ದ ಕಡ್ಡಿ. ಕೋಲು ಪೆಟ್ಟು ಕೊಟ್ಟರೆ ಕಡ್ಡಿ ಆ ಪೆಟ್ಟುಗಳ ಸಂದು ತುಂಬುತ್ತದೆ. ಕಾಲಿಗೆ ಗೆಜ್ಜೆ ಕಟ್ಟಿದ ಹೆಜ್ಜೆಮೇಳದವರು ಒಬ್ಬ ಎತ್ತಿಕೊಟ್ಟ ನುಡಿಯನ್ನು ಒಟ್ಟಾಗಿ ಹಿಡಿದು, ಮುಂದೆ ಹೆಜ್ಜೆ ಹಾಕಿ ಹಿಂದೆ ಸರಿಯುತ್ತಾರೆ. ದುಃಖದ ಕಥೆಗೆ ಇಂಥ ಜಿಗಿತದ ಲಯ ಹೇಗೆ ಹೊಂದಿತು ಎಂದು ಹೊರಗಿನವರು ಕೇಳುತ್ತಾರೆ. ನಿಂತು ಒಂದು ಪದ ಪೂರ್ತಿ ಕೇಳಿದವರು ಮತ್ತೆ ಆ ಪ್ರಶ್ನೆ ಕೇಳುವುದಿಲ್ಲ.

ಕ್ಯೂಬಾದ ಕಾಂಗಾ ಡೋಲಿನ ಚರ್ಮವನ್ನೂ ಹಿಂದೆ ಹೀಗೇ ಬೆಂಕಿಗೆ ಹಿಡಿದು ಶ್ರುತಿ ಮಾಡುತ್ತಿದ್ದರು. ತಿರುಪು ಬಂದದ್ದು ಆಮೇಲೆ. ಗುಲಾಮರಾಗಿ ಹೋದ ಆಫ್ರಿಕದವರ ಬಡಿತವೂ ಸ್ಪೇನಿನ ಹಾಡೂ ಕ್ಯೂಬಾದಲ್ಲಿ ಬೆರೆತಿದ್ದವು. 1947ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಡಿಜ್ಜಿ ಗಿಲೆಸ್ಪಿಯ ಟ್ರಂಪೆಟ್ಟಿನ ಜೊತೆ ಚಾನೊ ಪೊಜೊ ಕಾಂಗಾ ಬಾರಿಸಿದಾಗ ಆ ಬೆರಕೆಗೆ ಜಾಝ್ ವೇದಿಕೆಯೂ ಸಿಕ್ಕಿತು. ಇವತ್ತು ಲಾಸ್ ಏಂಜಲೀಸ್‌ನ ಕೌಂಟಿ ಕಲಾ ಮ್ಯೂಸಿಯಂ ಬೇಸಿಗೆ ಸಂಜೆಗಳಲ್ಲಿ ಲ್ಯಾಟಿನ್ ಸಂಗೀತವನ್ನು ಪುಕ್ಕಟೆ ಕೇಳಿಸುತ್ತದೆ. ಬಡವರ ಕೇರಿಯ ವಾದ್ಯಕ್ಕೆ ಮ್ಯೂಸಿಯಂ ಅಂಗಳ ತೆರೆದುಕೊಂಡಿತು. ಅರಬ್ಬೀ ಕಥೆ, ದಖನಿ ಉರ್ದುವಿನ ಮಾತು, ಕನ್ನಡದ ಧಾಟಿ, ದಲಿತರ ಹಲಗೆ ಕೂಡಿದ ನಮ್ಮ ಬೆರಕೆಗೆ ಅಂಥ ಅಂಗಳ ಇನ್ನೂ ಸಿಗಬೇಕಿದೆ.

ಸಾಹಿತ್ಯದ ಕಡೆಯಿಂದ ಇದಕ್ಕೆ ಮಾನ್ಯತೆಗೆ ಕೊರತೆಯಿಲ್ಲ. ಶಿಶುನಾಳ ಶರೀಫರು (1819–1889) ರಿವಾಯತ್ ಪದ ಕಟ್ಟಿದವರು. ರಹಮತ್ ತರೀಕೆರೆಯವರು ನಾಡು ಸುತ್ತಿ ಮೊಹರಂ ಕುರಿತು ಬರೆದಿದ್ದಾರೆ. ಪದಗಳ ಸಾಲು ಹೀಗೆ ಪುಸ್ತಕಕ್ಕೆ ಬರುತ್ತದೆ. ಧಾಟಿ, ಹೆಜ್ಜೆ, ಹಲಗೆಯ ವರಸೆ ಬರುವುದಿಲ್ಲ. ಅವುಗಳನ್ನು ಊರೂರಿಗೆ ಹೋಗಿ ಒಳ್ಳೆಯ ಉಪಕರಣದಲ್ಲಿ ದಾಖಲಿಸಿ, ಹಾಡಿದವರ, ಬಾರಿಸಿದವರ ಹೆಸರಿನೊಂದಿಗೆ ಇಡಬೇಕು. ಹಲಗೆಯವರ ಹೆಸರು ಮೊದಲು ಬರಲಿ. ತಲೆತಲಾಂತರ ಜಾತಿಯ ಬಿಟ್ಟಿಚಾಕರಿಯಾಗಿ ಬಾರಿಸಿದವರು ಅವರು. ಇನ್ನು ಬಾರಿಸುವುದಿಲ್ಲ ಎಂದು ಹಲಗೆ ಕೆಳಗಿಟ್ಟ ಹುಡುಗರ ಸಿಟ್ಟು ನ್ಯಾಯವಾದದ್ದೇ. ಕಲಾವಿದರಿಗೆ ಸಲ್ಲುವ ಮರ್ಯಾದೆ, ಸಂಭಾವನೆ ಎರಡೂ ಸಿಗದೆ ಅವರನ್ನು ಮತ್ತೆ ಕರೆಯಲು ಯಾರಿಗೂ ಬಾಯಿಲ್ಲ.

ಕೇಳಬೇಕೆನ್ನುವವರಿಗೆ ಮುದಗಲ್ಲೇ ಸರಿಯಾದ ಜಾಗ. ಬಹಮನಿಗಳು, ವಿಜಯನಗರದವರು, ಬಿಜಾಪುರದವರು ಕಾದಾಡಿದ ಕೋಟೆಯೂರು. ಅಲ್ಲಿನ ಹುಸೇನಿ ಆಲಂ ದರ್ಶನಕ್ಕೆ ಸುತ್ತಲ ಜಿಲ್ಲೆಗಳ ಜನ, ನೆರೆರಾಜ್ಯದವರು ಬರುತ್ತಾರೆ. ಚಾಂದ್ರಮಾನದ ಹಬ್ಬವಾದ್ದರಿಂದ ಪ್ರತಿವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ. 2025ರಲ್ಲಿ ಜುಲೈ ಮೊದಲ ವಾರ ಬಂದಿತ್ತು. ಹಬ್ಬದ ಕೊನೆಯ ದಿನದ ಹಿಂದಿನ ಕತಲ್ ರಾತ್ರಿಗೆ ಮುಂಚೆಯೇ ಹೋಗಿ. ಆ ರಾತ್ರಿ ಗದ್ದಲದಲ್ಲಿ ಪದದ ಮಾತು ಕಿವಿಗೆ ಬೀಳುವುದು ಕಷ್ಟ. ಹಿಂದಿನ ರಾತ್ರಿಗಳಲ್ಲಿ ಮೇಳದ ಪಕ್ಕದಲ್ಲೇ ನಿಂತು ಕೇಳಬಹುದು.