ಅಯಾನು ಕಿರಣದಿಂದ ಗಾಜಿನ ಕೆತ್ತನೆ ಮತ್ತು ನಮ್ಮ ಬಣ್ಣದ ಮನೆಗಳು

ಗ್ರಾನೈಟ್ ಫಲಕದ ಮೇಲೆ ಅಕ್ಷರ ಮೂಡಿಸುವ ಕ್ರಮವು ಇಳಕಲ್, ಹುನಗುಂದ ಭಾಗದ ಸದಸ್ಯರಿಗೆ ಹೊಸದಲ್ಲ. ಅಕ್ಷರದ ಆಕಾರಕ್ಕೆ ಕತ್ತರಿಸಿದ ರಬ್ಬರ್ ಹಾಳೆಯನ್ನು ಕಲ್ಲಿಗೆ ಅಂಟಿಸಿ, ಒತ್ತಡದ ಗಾಳಿಯೊಡನೆ ಮರಳನ್ನು ಹಾಯಿಸಿದರೆ ತೆರೆದ ಭಾಗ ಮಾತ್ರ ಸವೆದು ಕುಳಿಯಾಗುತ್ತದೆ. ಬೆಳಕನ್ನು ಬಣ್ಣಬಣ್ಣವಾಗಿ ಬೇರ್ಪಡಿಸುವ ‘ವಿವರ್ತನ ಗ್ರೇಟಿಂಗ್’ ಎಂಬ ಗಾಜಿನ ಬಿಲ್ಲೆಯನ್ನು ತಯಾರಿಸುವ ಒಂದು ಮುಖ್ಯ ವಿಧಾನವೂ ತತ್ವದಲ್ಲಿ ಇದೇ ಆಗಿದೆ. ಮರಳಿನ ಬದಲು ಆರ್ಗಾನ್ ಅನಿಲದ ಅಯಾನುಗಳು, ರಬ್ಬರಿನ ಬದಲು ಬೆಳಕಿಗೆ ಸ್ಪಂದಿಸುವ ರಾಳದ ಲೇಪ. ವ್ಯತ್ಯಾಸವೆಲ್ಲ ಅಳತೆಯಲ್ಲಿದೆ.

ಒಂದು ಮಿಲಿಮೀಟರಿನಲ್ಲಿ 1,200 ಗೆರೆಗಳಿರುವ ಗ್ರೇಟಿಂಗ್ ಸಾಮಾನ್ಯ. ಆಗ ಗೆರೆಯಿಂದ ಗೆರೆಗೆ ಅಂತರ ಸುಮಾರು 833 ನ್ಯಾನೊಮೀಟರ್. ಹಿಂದೆ ಇವನ್ನು ವಜ್ರದ ಮೊನೆಯಿಂದ ಗೀರುತ್ತಿದ್ದರು. ಅಮೆರಿಕದ ಹೆನ್ರಿ ರೋಲಂಡ್ 1880ರ ದಶಕದಲ್ಲಿ ನಿರ್ಮಿಸಿದ ಯಂತ್ರ ಹೆಸರುವಾಸಿ. ಯಂತ್ರದ ತಿರುಪಿನಲ್ಲಿ ಅಲ್ಪ ದೋಷವಿದ್ದರೂ ಅದು ಗೆರೆಗಳಲ್ಲಿ ಮರುಕಳಿಸಿ, ಇಲ್ಲದ ಬಣ್ಣಗಳು ಕಾಣಿಸಿಕೊಳ್ಳುತ್ತಿದ್ದವು. ಎರಡು ಲೇಸರ್ ಕಿರಣಗಳನ್ನು ಕೂಡಿಸಿ ರಾಳದ ಮೇಲೆ ಗೆರೆ ಮೂಡಿಸುವ ಪದ್ಧತಿಯಲ್ಲಿ ಈ ದೋಷವಿಲ್ಲ. ಆದರೆ ರಾಳ ಮೆದು. ಆದುದರಿಂದ ಗಾಜನ್ನು ನಿರ್ವಾತ ಪೆಟ್ಟಿಗೆಯಲ್ಲಿರಿಸಿ, ಕೆಲವು ನೂರು ವೋಲ್ಟುಗಳಿಂದ ವೇಗ ಪಡೆದ ಅಯಾನುಗಳ ಮೂಲಕ ಆ ಗೆರೆಗಳನ್ನು ಗಾಜಿಗೇ ಇಳಿಸುತ್ತಾರೆ. ಕಿರಣವನ್ನು ಓರೆಯಾಗಿ ಬಿಟ್ಟರೆ ಗೆರೆಗಳು ಗರಗಸದ ಹಲ್ಲಿನಂತಾಗಿ, ಬೇಕಾದ ಬಣ್ಣಕ್ಕೆ ಹೆಚ್ಚು ಬೆಳಕು ದೊರೆಯುತ್ತದೆ. ಗಾಜು ವಿದ್ಯುದ್ವಾಹಕವಲ್ಲ, ಅದರ ಮೇಲೆ ವಿದ್ಯುದಾವೇಶ ಶೇಖರಗೊಂಡು ಕಿರಣವನ್ನೇ ದೂಡದಂತೆ ಜೊತೆಯಲ್ಲಿ ಎಲೆಕ್ಟ್ರಾನುಗಳನ್ನೂ ಹಾಯಿಸಬೇಕಾಗುತ್ತದೆ.

ಕೆತ್ತದೆಯೂ ಗ್ರೇಟಿಂಗ್ ಮಾಡಬಹುದು. ಲಕ್ಷಾಂತರ ವೋಲ್ಟುಗಳ ವೇಗದ ಅಯಾನುಗಳು ಗಾಜು ಅಥವಾ ಸ್ಫಟಿಕದ ಒಳಹೊಕ್ಕು ಅದರ ವಕ್ರೀಭವನ ಸೂಚ್ಯಂಕವನ್ನೇ ಬದಲಿಸುತ್ತವೆ. ಹಂಗೇರಿಯ ಬುಡಾಪೆಸ್ಟ್‌ನ ಸಂಶೋಧಕರು ಟೆಲ್ಯೂರೈಟ್ ಗಾಜಿನಲ್ಲಿ ಸಾರಜನಕದ ಅಯಾನುಗಳಿಂದ ಇದನ್ನು ಸಾಧಿಸಿದ್ದಾರೆ. ಇದಿನ್ನೂ ಬಹುಮಟ್ಟಿಗೆ ಪ್ರಯೋಗಾಲಯದ ವಿದ್ಯೆ.

ಇದರಿಂದ ನಮಗೇನು ಎಂದು ಮಗ್ಗದವರು ಕೇಳುವುದು ಸಹಜ. ಬಣ್ಣ ಅಳೆಯುವ ಸ್ಪೆಕ್ಟ್ರೋಫೋಟೊಮೀಟರುಗಳಲ್ಲಿ ಬಹಳಷ್ಟರ ಒಳಗೆ ಇಂಥ ಬಿಲ್ಲೆಯೇ ಇರುತ್ತದೆ. ಹೆಚ್ಚಾಗಿ ಅದು ಮೂಲ ಬಿಲ್ಲೆಯಿಂದ ಅಚ್ಚು ತೆಗೆದ ಪ್ರತಿ. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿಯಿಂದ ಕೂಡಿಸುವುದರಿಂದ, ಸೆರಗಿನ ಕೆಂಪು ಒಂದು ಲಾಟಿನದು, ಅಂಚಿನ ಕೆಂಪು ಇನ್ನೊಂದು ಲಾಟಿನದು ಆದರೆ ಭೇದ ಒಂದೇ ಸೀರೆಯಲ್ಲಿ ಎದ್ದು ಕಾಣುತ್ತದೆ, ಮಾಲು ಹಿಂದಕ್ಕೆ ಬರುತ್ತದೆ. ಗಾಢ ಕೆಂಪು ನೂಲು ನೀಲಿ-ಹಸಿರು ಭಾಗದಲ್ಲಿ ಬಹಳ ಕಡಿಮೆ ಬೆಳಕನ್ನು ಹಿಂತಿರುಗಿಸುತ್ತದೆ. ಗ್ರೇಟಿಂಗಿನ ಒರಟುತನದಿಂದ ದಾರಿತಪ್ಪಿದ ಬೆಳಕು ಅಲ್ಲಿ ಸೇರಿಕೊಂಡರೆ, ಕಣ್ಣಿಗೆ ಬೇರೆಯಾಗಿ ಕಾಣುವ ಎರಡು ಕೆಂಪುಗಳನ್ನು ಯಂತ್ರ ಒಂದೇ ಎಂದು ತೋರಿಸೀತು.

ಆದಕಾರಣ ಯಂತ್ರ ಕೊಳ್ಳುವವರು, ಗುಳೇದಗುಡ್ಡದ ಖಣ ತಯಾರಕರೂ ಸೇರಿದಂತೆ, ‘ದಾರಿತಪ್ಪಿದ ಬೆಳಕಿನ’ ಪ್ರಮಾಣವೆಷ್ಟೆಂಬುದನ್ನು ಮಾರಾಟಗಾರರಿಂದ ಲಿಖಿತವಾಗಿ ಪಡೆಯುವುದು ಲೇಸು. ಮಾದರಿ ಹೆಂಚಿನ ಮೇಲೆ ಅವರು ತೋರಿಸುವ ಪರೀಕ್ಷೆ ಸಾಲದು. ತಮ್ಮದೇ ಅತಿ ಗಾಢ ಬಣ್ಣದ ಎರಡು ಲಾಟುಗಳ ಲಡಿಗಳನ್ನು ಒಯ್ದು ಅಳೆಯಿಸಿ, ಅನಂತರವೇ ಹಣ ಪಾವತಿಸಬೇಕು. ಯಂತ್ರವನ್ನು ಹತ್ತಿಯ ದೂಳಿನಿಂದ ದೂರವಿಡಬೇಕು. ಎಷ್ಟೇ ಮಸುಕೆನಿಸಿದರೂ ಗ್ರೇಟಿಂಗನ್ನು ಬಟ್ಟೆಯಿಂದ ಒರೆಸಲು ಯಾರಿಗೂ ಬಿಡಬಾರದು. ಒಮ್ಮೆ ಬೆರಳು ತಾಗಿದರೂ ಅದರ ಅಲ್ಯೂಮಿನಿಯಂ ಲೇಪ ಕೆಡುತ್ತದೆ.