ಫ್ರಾನ್ಸಿನ ಮಹಾಕ್ರಾಂತಿ ಮತ್ತು ನಮ್ಮ ಮೈಸೂರು ಸೀಮೆ

ಇಂದಿನ ಚಾಮರಾಜನಗರಕ್ಕೆ 1818ರವರೆಗೆ ಅರಿಕುಠಾರ ಎಂದು ಹೆಸರಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಊರೆಂದು ಅದಕ್ಕೆ ತಂದೆಯ ಹೆಸರಿಟ್ಟರು. ಆ ಹೆಸರಿಗೂ ಫ್ರಾನ್ಸಿನ ಮಹಾಕ್ರಾಂತಿಗೂ ದೂರದ ನಂಟಿದೆ ಎಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ಮೊದಲು ಫ್ರಾನ್ಸಿನ ಕಥೆಯನ್ನು ನೋಡೋಣ.

ಕ್ರಾಂತಿಗೆ ಮುಂಚೆ ಅಲ್ಲಿನ ಸಮಾಜದಲ್ಲಿ ಮೂರು ವರ್ಗಗಳಿದ್ದವು: ಗುರುವರ್ಗ, ಶ್ರೀಮಂತ ಮನೆತನಗಳು, ಉಳಿದ ಎಲ್ಲರು. ಈ ‘ಉಳಿದವರು’ ಜನಸಂಖ್ಯೆಯ ಶೇಕಡ 98ರಷ್ಟಿದ್ದರು, ತೆರಿಗೆಯ ಹೊರೆ ಮುಖ್ಯವಾಗಿ ಅವರ ಮೇಲೇ ಇತ್ತು. ದೇಶದ ಭೂಮಿಯಲ್ಲಿ ಸುಮಾರು ಹತ್ತನೇ ಒಂದು ಪಾಲು ಧರ್ಮಸಭೆಯದು; ಅದರ ಮೇಲೆ ದಶಮಾಂಶ ಬೇರೆ. ಧರ್ಮಾಧ್ಯಕ್ಷರು ಬಹುತೇಕ ದೊಡ್ಡ ಮನೆತನದವರೇ. ಹಳ್ಳಿಯ ವಿಚಾರಣಾ ಗುರುಗಳಾದರೋ ರೈತರ ಜೊತೆಗೇ ಬಡತನದಲ್ಲಿ ಬದುಕುತ್ತಿದ್ದರು. 1789ರ ಜೂನ್‌ನಲ್ಲಿ ಮೂರನೇ ವರ್ಗದ ಪ್ರತಿನಿಧಿಗಳು ಸಿಡಿದೆದ್ದಾಗ ಅವರ ಕಡೆಗೆ ಮೊದಲು ಬಂದು ಕುಳಿತವರಲ್ಲಿ ಇಂಥ ಗುರುಗಳೂ ಇದ್ದರು. ಕ್ರಾಂತಿಯೆಂದರೆ ಮೊದಲಿನಿಂದಲೂ ಧರ್ಮದ್ರೋಹಿಗಳ ಸಂಚು ಎಂದು ನಮ್ಮಲ್ಲಿ ಕೆಲವರು ಹೇಳುವುದುಂಟು. ಅದು ಸರಿಯಲ್ಲ.

ಬಿರುಕು ಬಿಟ್ಟದ್ದು ಮರುವರ್ಷ. 1789ರ ನವೆಂಬರ್‌ನಲ್ಲಿ ಧರ್ಮಸಭೆಯ ಆಸ್ತಿಯನ್ನು ರಾಷ್ಟ್ರದ ಸ್ವತ್ತೆಂದು ಸಾರಲಾಗಿತ್ತು. 1790ರ ಜುಲೈನಲ್ಲಿ ಬಂದ ಕಾನೂನು ಗುರುಗಳನ್ನು ಸರ್ಕಾರದ ಸಂಬಳದವರನ್ನಾಗಿ ಮಾಡಿತು. ಧರ್ಮಾಧ್ಯಕ್ಷರನ್ನೂ ಗುರುಗಳನ್ನೂ ಮತದಾರರು ಚುನಾಯಿಸಬೇಕೆಂದಿತು. ಇದಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕು, ಇಲ್ಲವೇ ಸ್ಥಾನ ಬಿಡಬೇಕು. ಹೆಚ್ಚು ಕಡಿಮೆ ಅರ್ಧದಷ್ಟು ವಿಚಾರಣಾ ಗುರುಗಳು ಪ್ರಮಾಣ ಮಾಡಿದರು, ಇನ್ನರ್ಧ ಮಾಡಲಿಲ್ಲ. 1791ರಲ್ಲಿ ಪೋಪ್ ಆರನೇ ಪಯಸ್ ಈ ಕಾನೂನನ್ನು ಖಂಡಿಸಿದ ಮೇಲೆ ರಾಜಿಗೆ ದಾರಿಯೇ ಉಳಿಯಲಿಲ್ಲ.

ಇದರ ನೋವು ಎಷ್ಟೆಂಬುದು ಹಳ್ಳಿಯ ಮಟ್ಟದಲ್ಲಿ ನೋಡಿದರೆ ತಿಳಿಯುತ್ತದೆ. ಚರ್ಚಿನಲ್ಲಿ ಪ್ರಮಾಣ ಮಾಡಿದ ಹೊಸ ಗುರು. ಕಣಜದಲ್ಲೋ ಕಾಡಿನಲ್ಲೋ ಗುಟ್ಟಾಗಿ ಬಲಿಪೂಜೆ ಅರ್ಪಿಸುವ ಹಳೆಯ ಗುರು. ಮಗುವಿಗೆ ಯಾರಿಂದ ಜ್ಞಾನಸ್ನಾನ? ಸಾಯುವವರ ಪಾಪನಿವೇದನೆ ಯಾರ ಬಳಿ? ಒಂದೇ ಮನೆಯಲ್ಲಿ ಎರಡು ಅಭಿಪ್ರಾಯ. ಪಶ್ಚಿಮದ ವಾಂದೆ ಪ್ರಾಂತ್ಯದ ರೈತರು ಕಡ್ಡಾಯ ಸೈನ್ಯ ಭರ್ತಿ ಬಂದ ಕೂಡಲೇ 1793ರ ಮಾರ್ಚ್‌ನಲ್ಲಿ ದಂಗೆ ಎದ್ದರು. ಅವರ ಗುರುಗಳಿಗಾದ ಅನ್ಯಾಯವೂ ಅದಕ್ಕೆ ಕಾರಣವಾಗಿತ್ತು. ಅಲ್ಲಿ ಸತ್ತವರು ಲಕ್ಷಕ್ಕೂ ಮೇಲೆ. 1792ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ 200ಕ್ಕೂ ಹೆಚ್ಚು ಗುರುಗಳನ್ನು ಕೊಂದರು. ಕಾಂಪಿಯೇನ್‌ನ 16 ಕಾರ್ಮೆಲ್ ಭಗಿನಿಯರು 1794ರಲ್ಲಿ ಗಿಲೊಟಿನ್‌ಗೆ ತಲೆಯೊಡ್ಡಿದರು. ಪೋಪ್ ಫ್ರಾನ್ಸಿಸ್ ಅವರನ್ನು 2024ರ ಡಿಸೆಂಬರ್‌ನಲ್ಲಿ ಸಂತರೆಂದು ಘೋಷಿಸಿದರು.

ಪ್ರಮಾಣ ಮಾಡಿದ ಬೆರಳೆಣಿಕೆಯ ಧರ್ಮಾಧ್ಯಕ್ಷರಲ್ಲಿ ವಿವಿಯೇರ್‌ನವರೂ ಒಬ್ಬರು. ಅದೇ ವಿವಿಯೇರ್ ಸೀಮೆಯಲ್ಲಿ 1792ರಲ್ಲಿ ಗುರುದೀಕ್ಷೆ ಪಡೆದ ಯುವಕ ಜಾನ್ ಆಂಟ್ವಾನ್ ದ್ಯುಬುವಾ ಅದೇ ವರ್ಷ ಭಾರತಕ್ಕೆ ಹಡಗು ಹತ್ತಿದರು. ನಾವು ಅಬ್ಬೆ ದ್ಯುಬುವಾ ಎಂದು ಕರೆಯುವವರು ಇವರೇ.

ಇತ್ತ ಕ್ರಾಂತಿಯ ಗಾಳಿ ಶ್ರೀರಂಗಪಟ್ಟಣಕ್ಕೂ ಬೀಸಿತ್ತು. 1797ರಲ್ಲಿ ಮಂಗಳೂರಿಗೆ ಬಂದಿಳಿದ ರಿಪೋ ಎಂಬ ಫ್ರೆಂಚ್ ನಾವಿಕ ಟಿಪ್ಪು ಸುಲ್ತಾನನ ರಾಜಧಾನಿಯಲ್ಲಿ ಜಾಕೋಬಿನ್ ಕ್ಲಬ್ ಸ್ಥಾಪಿಸಿ ‘ಸ್ವಾತಂತ್ರ್ಯದ ಮರ’ ನೆಟ್ಟನೆಂದು ಬ್ರಿಟಿಷರು ಪ್ರಕಟಿಸಿದ ಕಾಗದಪತ್ರಗಳು ಹೇಳುತ್ತವೆ. ಆ ಪತ್ರಗಳನ್ನು ಸಂದೇಹಿಸುವ ಇತಿಹಾಸಕಾರರೂ ಇದ್ದಾರೆ. ಆದರೆ 1798ರ ಏಪ್ರಿಲ್‌ನಲ್ಲಿ ಮಾರಿಷಸ್‌ನಿಂದ ಮಂಗಳೂರಿಗೆ ಬಂದಿಳಿದ ಫ್ರೆಂಚ್ ಬೆಂಬಲ ಸುಮಾರು ನೂರು ಜನರದು, ಅಷ್ಟೆ. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧ ಹೂಡಲು ಅಷ್ಟೇ ನೆಪ ಸಾಕಾಯಿತು. 1799ರ ಮೇ 4ರಂದು ಟಿಪ್ಪು ಮಡಿದ. ಅದೇ ವರ್ಷ ಆಗಸ್ಟ್‌ನಲ್ಲಿ ಪೋಪ್ ಆರನೇ ಪಯಸ್ ಫ್ರೆಂಚರ ಸೆರೆಯಲ್ಲೇ ಮೃತರಾದರು.

ನಂತರ ರಾಜ್ಯದ ಹಂಚಿಕೆ. ನಮ್ಮ ಕರಾವಳಿ ಕಂಪನಿಯ ಪಾಲಾಯಿತು. ಕೊಳ್ಳೇಗಾಲವೂ ಕೊಯಮತ್ತೂರಿನೊಡನೆ ಹೋಗಿ 1956ರಲ್ಲಷ್ಟೇ ಮರಳಿತು. ಅರಿಕುಠಾರ, ಗುಂಡ್ಲುಪೇಟೆಗಳು ಮೈಸೂರಿನಲ್ಲೇ ಉಳಿದವು. ಐದು ವರ್ಷದ ಬಾಲಕ ಕೃಷ್ಣರಾಜರು ಪಟ್ಟಕ್ಕೇರಿದರು. ಊರಿಗೆ ಹೊಸ ಹೆಸರು ಕೊಟ್ಟವರು ಇವರೇ.

ಕರಾವಳಿಯ ಕ್ರೈಸ್ತರಿಗೆ 1784ರಲ್ಲಿ ಆರಂಭವಾದ ಸೆರೆವಾಸ ಮುಗಿದದ್ದೂ 1799ರಲ್ಲೇ. ಚದುರಿಹೋಗಿದ್ದ, ಬಲವಂತದಿಂದ ಮತ ಬದಲಿಸಿದ್ದ ಜನರನ್ನು ಮತ್ತೆ ಒಗ್ಗೂಡಿಸಲು ಶ್ರೀರಂಗಪಟ್ಟಣಕ್ಕೆ ಕರೆ ಬಂದದ್ದು ದ್ಯುಬುವಾ ಅವರಿಗೆ. ಸ್ವಂತ ದೇಶದಲ್ಲಿ ಧರ್ಮಸಭೆ ಎರಡಾಗಿದ್ದನ್ನು ಕಂಡು ಬಂದ ಗುರು ಇಲ್ಲಿ ಒಡೆದ ಸಭೆಯನ್ನು ಕೂಡಿಸಲು ಕುಳಿತರು. ಬಿಳಿ ನಿಲುವಂಗಿ, ಮುಂಡಾಸು, ಸಸ್ಯಾಹಾರ. ಜನ ಅವರನ್ನು ದೊಡ್ಡಸ್ವಾಮಿಯವರೆಂದರು. ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಗಳನ್ನು ಮಾಡಿದರು, ಸಿಡುಬಿನ ಲಸಿಕೆ ಹಾಕಿಸಿದರು. ಹಿಂದೂ ಸಮಾಜದ ಆಚಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಕಂಪನಿ ಹಣ ಕೊಟ್ಟು ಕೊಂಡುಕೊಂಡಿತು. ಆ ಗ್ರಂಥದ ಕೆಲವು ತೀರ್ಪುಗಳು ಇಂದು ನಮಗೆ ಒಪ್ಪಿಗೆಯಾಗಲಾರವು.

ಕ್ರಾಂತಿಯ ಇನ್ನೊಂದು ಪೆಟ್ಟೂ ಇಲ್ಲಿಯವರೆಗೆ ಮುಟ್ಟಿತು. ದ್ಯುಬುವಾ ಅವರ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಗುರುಮಠ ಕ್ರಾಂತಿಯಲ್ಲಿ ಮುಚ್ಚಿಹೋಗಿತ್ತು. ಅದು ಮತ್ತೆ ನೆಲೆಯೂರಿದ್ದು 1815ರಲ್ಲಿ. ಅಷ್ಟು ವರ್ಷ ಹೊಸ ಗುರುಗಳು ಬರುವುದು ಕಡಿಮೆಯಾಗಿ, ವಿಶಾಲ ಮೈಸೂರು ಸೀಮೆಗೆ ಬೆರಳೆಣಿಕೆಯ ಗುರುಗಳಷ್ಟೇ. ಚಾಮರಾಜನಗರ, ಗುಂಡ್ಲುಪೇಟೆಗಳನ್ನೂ ಒಳಗೊಂಡ ಇಂದಿನ ಮೈಸೂರು ಧರ್ಮಪ್ರಾಂತ್ಯ, ಅದೇ ಸಂಸ್ಥೆಯ ಗುರುಗಳ ದುಡಿಮೆಯಿಂದ ಬೆಳೆದು, 1886ರಲ್ಲಿ ಸ್ಥಾಪನೆಯಾಯಿತು. ದ್ಯುಬುವಾ 1823ರಲ್ಲಿ ಫ್ರಾನ್ಸಿಗೆ ಮರಳಿ, 1848ರಲ್ಲಿ ತೀರಿಕೊಂಡರು. ಆ ವರ್ಷ ಪ್ಯಾರಿಸ್ಸಿನ ಬೀದಿಗಳಲ್ಲಿ ಮತ್ತೊಂದು ಕ್ರಾಂತಿ ನಡೆದಿತ್ತು.