ಧಾರವಾಡ ಆಕಾಶವಾಣಿ ಸರಿಯಾಗಿ ಕೇಳಿಸುತ್ತಿಲ್ಲವೇ? ರೇಡಿಯೋವನ್ನೇ ತಿರುಗಿಸಿ ನೋಡಿ

ಪುಣೆಯಲ್ಲಿ ಕುಳಿತು ರಾತ್ರಿ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಹಿಡಿಯಲು ಅನೇಕರು ರೇಡಿಯೋದ ಏರಿಯಲ್ ಕಡ್ಡಿ ಎಳೆಯುತ್ತಾರೆ. ಪ್ರಯೋಜನವಿಲ್ಲ, ಅದು ಎಫ್‌ಎಂ, ಶಾರ್ಟ್‌ವೇವ್‌ಗೆ. ಎಎಂ ಹಿಡಿಯುವುದು ಪೆಟ್ಟಿಗೆಯೊಳಗಿನ ಲೂಪ್ ಆಂಟೆನಾ, ಅಂದರೆ ಫೆರೈಟ್ ಎಂಬ ಕಪ್ಪು ಸರಳಿಗೆ ಸುತ್ತಿದ ತಾಮ್ರದ ತಂತಿ.

ಧಾರವಾಡದ ಅಲೆಯ ಉದ್ದ ಸುಮಾರು 392 ಮೀಟರ್. ಅದಕ್ಕೆ ತಕ್ಕ ತಂತಿಯನ್ನು ಫ್ಲ್ಯಾಟ್‌ನಲ್ಲಿ ಕಟ್ಟುವವರಾರು? ಸುರುಳಿ ಹಿಡಿಯುವುದು ಅಲೆಯ ಕಾಂತಕ್ಷೇತ್ರವನ್ನು. ಆ ಕ್ಷೇತ್ರ ಏರಿಳಿದಂತೆ ತಂತಿಯಲ್ಲಿ ಅತಿಸಣ್ಣ ವಿದ್ಯುತ್ ಹುಟ್ಟುತ್ತದೆ. ಜತೆಗಿರುವ ಕೆಪಾಸಿಟರ್ ಬೇಕಾದ ಕೇಂದ್ರವನ್ನಷ್ಟೇ ಬಲಪಡಿಸುತ್ತದೆ.

ಸರಳಿನ ತುದಿ ಕೇಂದ್ರದತ್ತ ಇದ್ದರೆ ದನಿ ಕ್ಷೀಣ, ಅಡ್ಡಲಾಗಿದ್ದರೆ ಜೋರು. ಪುಣೆಯಿಂದ ಧಾರವಾಡ ಹೆಚ್ಚುಕಡಿಮೆ ದಕ್ಷಿಣಕ್ಕಿದೆ. ಸೆಟ್ಟನ್ನು ಪೂರ್ವ-ಪಶ್ಚಿಮಕ್ಕೆ ಉದ್ದವಾಗಿಡಿ. ಆದರೂ ಗೊರಗೊರ ಸದ್ದು ನಿಲ್ಲದಿದ್ದರೆ ಪಕ್ಕದ ಎಲ್‌ಇಡಿ ಬಲ್ಬ್, ಚಾರ್ಜರ್ ಆರಿಸಿ.